ಬೆಟ್ಟದ ದಾರಿ, ಡೀಸೆಲಿನ ಬಲ

ಬಯಲುಸೀಮೆಯಲ್ಲಿ ಬಾಳುವ ಬಂಧುಗಳಿಗೆ ವಾಹನದ ಬಲವೆಂದರೆ ಬಹುಮಟ್ಟಿಗೆ ಅದರ ವೇಗವೇ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗಿಬರುವವರು ಎಂಜಿನಿನ ಗುಣವನ್ನು ಗಂಟೆಗೆ ಎಷ್ಟು ಕಿಲೋಮೀಟರು ಎಂಬ ಲೆಕ್ಕದಲ್ಲಿ ಅಳೆದರೆ ಅದು ಸಹಜವೇ. ನಮ್ಮ ಕಾಸರಗೋಡಿನ ಮೂಡುಭಾಗದಲ್ಲಿ, ಅಡೂರು-ದೇಲಂಪಾಡಿ ಕಡೆಯ ಕಣಿವೆಗಳಲ್ಲಿ, ಅಳತೆಗೋಲು ಬೇರೆ. ಇಲ್ಲಿ ತೋಡಿನ ಬದಿಗೆ ಅಡಿಕೆಯ ತೋಟ, ತೋಟದ ತಲೆಯಲ್ಲಿ ಮನೆ, ಮನೆಯಿಂದ ಡಾಮರು ರಸ್ತೆಯವರೆಗೆ ಮುರಕಲ್ಲಿನ ಗುಡ್ಡ. ಆ ಗುಡ್ಡವನ್ನು ಕೊರೆದು ಮಾಡಿದ ಮಣ್ಣಿನ ದಾರಿ ಬೇಸಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಎಣ್ಣೆ ಸವರಿದ ಬಂಡೆ. ಜೀಪು ಕೊಳ್ಳಲು ಹೊರಟವರು ಇಲ್ಲಿ ಕೇಳುವ ಪ್ರಶ್ನೆ ಒಂದೇ: ಆಟಿ ತಿಂಗಳ ಮಳೆಯಲ್ಲಿ ಆರು ಮಂದಿಯನ್ನು ಹೊತ್ತುಕೊಂಡು, ನಡುವೆ ನಿಲ್ಲದೆ, ಇದು ಮೇಲೇರೀತೇ?

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ತೂಕದ ಪ್ರಶ್ನೆಯಾಯಿತು. ಅತ್ತಿಗೆಯವರ ಮೂತ್ರಪಿಂಡಗಳೆರಡೂ ಸೋತುಹೋಗಿ, ವಾರಕ್ಕೆ ಎರಡು ಸಲ ಗಡಿ ದಾಟಿ ಸುಳ್ಯಕ್ಕೆ ಡಯಾಲಿಸಿಸ್‌ಗೆಂದು ಕರೆದೊಯ್ಯಬೇಕಾದ ಸ್ಥಿತಿ ಒದಗಿತು. ಅಲ್ಲಿ ಸರದಿ ಬೆಳಗ್ಗೆ ಏಳಕ್ಕೆ. ಸರದಿ ತಪ್ಪಿದರೆ ಮರುದಿನಕ್ಕೆ ಕಾಲು ಬಾತುಕೊಳ್ಳುವುದು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ನಮ್ಮಲ್ಲಿದ್ದುದು ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಎಂಜಿನಿನ, ಹತ್ತು ವರ್ಷ ದುಡಿದ ಜೀಪು. ಕಾಗದದ ಮೇಲೆ ಅದಕ್ಕೆ ನೂರರ ಆಸುಪಾಸಿನ ಕುದುರೆಶಕ್ತಿ. ಆದರೆ ಆ ವರ್ಷದ ಮಳೆಗಾಲದಲ್ಲಿ ಗುಡ್ಡದ ಎರಡನೆಯ ತಿರುವಿಗೆ ಬರುವಷ್ಟರಲ್ಲಿ ಅದು ಏದುಸಿರುಬಿಟ್ಟು, ಹಿಂದೆ ಕಾಡಿಗೆಯಂತಹ ಹೊಗೆಯುಗುಳಿ, ನಿಂತೇಬಿಡುತ್ತಿತ್ತು. ಎರಡು ಸಲ ಅತ್ತಿಗೆಯವರು ಮಗನ ಹೆಗಲನ್ನು ಹಿಡಿದುಕೊಂಡು, ಕೊಡೆಯ ಕೆಳಗೆ, ಮಿಕ್ಕ ಏರನ್ನು ನಡೆದೇ ಹತ್ತಿದರು.

ಆ ಮಗ, ಅಂದರೆ ನನ್ನ ಅಣ್ಣನ ಮಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಯಂತ್ರಗಳೆಂದರೆ ಅವನಿಗೆ ಬಾಲ್ಯದಿಂದಲೂ ಮೋಹ. ಎರಡನೆಯ ಸಲದ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅವನೆಂದ:

“ಚಿಕ್ಕಪ್ಪ, ಈ ಎಂಜಿನಿಗೆ ಸಿಕ್ಕಿಸುವ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಹಾಕಿಸಿದರೆ ಮೂವತ್ತು ಕುದುರೆಶಕ್ತಿ ಹೆಚ್ಚಾಗುತ್ತದೆಯಂತೆ. ದುಡ್ಡು ನಾನು ಕೊಡುತ್ತೇನೆ. ಅಮ್ಮನನ್ನು ಹೀಗೆ ನಡೆಸುವುದನ್ನು ನನ್ನಿಂದ ನೋಡಲಾಗುವುದಿಲ್ಲ.”

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಇಂತಹ ಮಾತಿಗೆ ಸುಮ್ಮನೆ ಹೂಂಗುಟ್ಟಲು ಆಗುವುದಿಲ್ಲ. ಅವನ ಕಳವಳ ಕಂಡ ಮೇಲೆ ಸುಮ್ಮನೆ ಬೇಡವೆನ್ನಲೂ ಆಗುವುದಿಲ್ಲ. “ಮೊದಲು ಈ ಎಂಜಿನಿಗೆ ಬಲ ಎಲ್ಲಿಂದ ಬರುತ್ತದೆಂದು ನೋಡೋಣ. ಬರಬೇಕಾದದ್ದು ಬರುತ್ತಿದೆಯೋ ಇಲ್ಲವೋ ತಿಳಿದ ಮೇಲೆ ಹೆಚ್ಚಿನದನ್ನು ಕೇಳೋಣ” ಎಂದೆ. ಆ ಮಳೆಗಾಲದಲ್ಲಿ ನಾವಿಬ್ಬರೂ ಕೂಡಿ ನೋಡಿದುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೀಪು, ಟ್ರಾಕ್ಟರುಗಳನ್ನು ನಂಬಿ ಬದುಕುವ ಇತರ ಮನೆಗಳಿಗೂ ಉಪಯೋಗಕ್ಕೆ ಬಂದೀತೆಂಬುದು ನನ್ನ ಆಸೆ.

ಡೀಸೆಲು ಎಂಜಿನಿನ ಬಲವೆಲ್ಲ ಡೀಸೆಲಿನಿಂದಲೇ ಬರುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದರ ಮಿತಿ ಗಾಳಿಯಲ್ಲಿದೆ. ಒಂದು ಕಿಲೋ ಡೀಸೆಲು ಪೂರ್ತಿ ಉರಿಯಬೇಕಾದರೆ ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರು ಡೀಸೆಲಿಗೆ ಸುಮಾರು ಹತ್ತು ಸಾವಿರ ಲೀಟರು ಗಾಳಿ. ಹೊಗೆಯಿಲ್ಲದೆ ಉರಿಯಲು ಅದಕ್ಕಿಂತಲೂ ಹೆಚ್ಚು ಬೇಕು. ಒಲೆಗೆ ಸೌದೆ ತುರುಕುತ್ತಾ ಹೋಗಿ ಊದುಕೊಳವೆಯನ್ನು ಮರೆತರೆ ಅಡುಗೆಮನೆ ತುಂಬ ಹೊಗೆ ತುಂಬುವುದಲ್ಲವೇ? ಎಂಜಿನಿನ ಹಿಂದೆ ಕಾಣುವ ಕರಿಹೊಗೆಯೂ ಅದೇ. ನಾವು ಹಣ ತೆತ್ತು ಕೊಂಡ ಡೀಸೆಲು ಗಾಳಿ ಸಾಲದೆ ಪೂರ್ತಿ ಉರಿಯದೆ ಮಸಿಯಾಗಿ ಹೋಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲನು ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದುದು ೧೮೯೭ರಲ್ಲಿ. ಗಾಳಿಯ ಈ ಕೊರತೆಯನ್ನು ನೀಗುವ ಉಪಾಯವನ್ನು ೧೯೦೫ರಲ್ಲಿ ಪೇಟೆಂಟು ಮಾಡಿಸಿದವನು ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರು. ಎಂಜಿನು ಹೊರಗೆ ಚೆಲ್ಲುವ ಬಿಸಿ ಹೊಗೆಯಲ್ಲಿ ಇನ್ನೂ ಬಹಳ ಶಕ್ತಿ ಉಳಿದಿರುತ್ತದೆ. ಆ ಹೊಗೆಯ ರಭಸಕ್ಕೆ ಒಂದು ಚಕ್ರವನ್ನು ಒಡ್ಡಿ, ಅದರ ಅಚ್ಚಿನ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರವನ್ನಿಟ್ಟು, ಅದರಿಂದ ಹೊರಗಿನ ಗಾಳಿಯನ್ನು ಎಂಜಿನಿನೊಳಕ್ಕೆ ಒತ್ತುವುದೇ ಅವನ ಉಪಾಯ. ಟರ್ಬೊ ಎಂದರೆ ಇಷ್ಟೇ. ಅಂಗೈಯಲ್ಲಿ ಹಿಡಿಸುವ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತವೆ. ಅವುಗಳ ಅಚ್ಚು ನಿಂತಿರುವುದು ಎಂಜಿನಾಯಿಲಿನ ತೆಳುವಾದ ಪದರದ ಮೇಲೆ. ಆದಕಾರಣವೇ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಏರು ಹತ್ತಿ ಬಂದ ಎಂಜಿನನ್ನು ಒಡನೆಯೇ ನಿಲ್ಲಿಸದೆ ಒಂದೆರಡು ನಿಮಿಷ ಸುಮ್ಮನೆ ನಡೆಯಬಿಡಬೇಕು. ಕಾದ ಟರ್ಬೊದೊಳಗೆ ನಿಂತ ಎಣ್ಣೆ ಸೀದು ಕರಿಯಾದರೆ ಅಚ್ಚು ಕೆಡುತ್ತದೆ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲಿಗೆ ಗಾಳಿ ಹೊಡೆದವರೆಲ್ಲ ಪಂಪಿನ ತುದಿ ಸುಡುವುದನ್ನು ಬಲ್ಲರು. ಮೂವತ್ತು ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಏರಿಸಿದಾಗ ಅದರ ಉಷ್ಣತೆ ನೂರಿಪ್ಪತ್ತು ಡಿಗ್ರಿಯ ಸುತ್ತಮುತ್ತ ಹೋಗುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ, ಒತ್ತಡ ಇಮ್ಮಡಿಯಾದರೂ ಸಿಲಿಂಡರಿನೊಳಗೆ ಹೋಗುವ ಗಾಳಿಯ ತೂಕ ಒಂದೂವರೆ ಪಟ್ಟು ಮಾತ್ರ. ಅದೇ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ ಐವತ್ತೈದು ಡಿಗ್ರಿಗೆ ಇಳಿಸಿದರೆ ತೂಕ ಒಂದು ಮುಕ್ಕಾಲು ಪಟ್ಟನ್ನು ಮೀರುತ್ತದೆ. ಒಂದು ಹನಿ ಡೀಸೆಲನ್ನೂ ಹೆಚ್ಚಿಗೆ ಸುರಿಯದೆ, ಬರಿಯ ತಂಪಿನಿಂದ ಐದರಲ್ಲೊಂದು ಪಾಲು ಗಾಳಿ ಹೆಚ್ಚಿತು. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ ತೋರಿಸಿದಾಗ ಹುಡುಗನ ಕಣ್ಣು ಅರಳಿತು. “ಹಾಗಾದರೆ ನಮ್ಮ ಜೀಪಿಗೆ ಗಾಳಿ ಸಾಲುತ್ತಿಲ್ಲವೇ?” ಎಂದು ಅವನೇ ಕೇಳಿದ.

ಮರುದಿನ ಮುಳ್ಳೇರಿಯ ಪೇಟೆಯಿಂದ ಪರಿಚಯದ ಮೆಕ್ಯಾನಿಕನನ್ನು ಕರೆಸಿದೆವು. ತುಳು, ಮಲಯಾಳ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಆಡುವ ಮನುಷ್ಯ ಅವನು. ಪೆಟ್ಟಿಗೆಯ ವಿಚಾರ ಕೇಳಿ ನಕ್ಕುಬಿಟ್ಟ.

“ಮಾಷ್ಟ್ರೇ, ಶ್ವಾಸ ಕಟ್ಟಿದವನಿಗೆ ಇನ್ನೆರಡು ಸೌಟು ಅನ್ನ ಬಡಿಸಿದರೆ ಅವ ಗುಡ್ಡೆ ಹತ್ತುತ್ತಾನಾ? ಮೊದಲು ಶ್ವಾಸ ಎಲ್ಲಿ ಹೋಗ್ತದೆ ಅಂತ ನೋಡುವ.”

ಅವನು ಏರ್ ಫಿಲ್ಟರನ್ನು ಹೊರತೆಗೆದ. ಬೇಸಗೆಯ ಕೆಂಪು ಧೂಳು ಮಳೆಗಾಲದ ತೇವಕ್ಕೆ ಕೆಸರಾಗಿ ಮೆತ್ತಿಕೊಂಡು, ಕಾಗದದ ಮಡಿಕೆಗಳು ಕಾಣದಂತಾಗಿದ್ದವು. ಬಳಿಕ ಗಾಳಿ ಒಳಬರುವ ಬಾಯಿಯನ್ನು ಮುಚ್ಚಿ, ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಹದವಾಗಿ ಹದಿನೈದು ಪೌಂಡು ಗಾಳಿಯನ್ನು ಒಳಕ್ಕೆ ತುಂಬಿ, ಕೊಳವೆಗಳ ಮೇಲೆಲ್ಲ ಸಾಬೂನಿನ ನೀರು ಸವರಿದ. ಇಂಟರ್‌ಕೂಲರಿನಿಂದ ಎಂಜಿನಿಗೆ ಹೋಗುವ ರಬ್ಬರು ಕೊಳವೆಯ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ನೊರೆ ಬುಸುಬುಸನೆ ಎದ್ದಿತು. ಎರಡು ಅಂಗುಲದ ಸೀಳು. ಸುತ್ತಲೂ ಎಣ್ಣೆಯ ಪಸೆ. ಎಂಜಿನು ಸುಮ್ಮನೆ ನಡೆಯುವಾಗ ಆ ಸೀಳು ಮುಚ್ಚಿಕೊಂಡೇ ಇರುತ್ತದೆ. ಏರಿನಲ್ಲಿ ಟರ್ಬೊ ಗಾಳಿ ಒತ್ತಿದೊಡನೆ ಬಾಯಿ ತೆರೆಯುತ್ತದೆ. ಗಾಳಿಯ ಪ್ರಮಾಣವನ್ನು ಅಳೆಯುವ ಸಾಧನವಿರುವುದು ಟರ್ಬೊಗಿಂತ ಮೊದಲು. ಆದಕಾರಣ ಒಳಕ್ಕೆ ಬಂದ ಗಾಳಿಯೆಲ್ಲ ಸಿಲಿಂಡರಿಗೆ ತಲುಪಿತೆಂದೇ ನಂಬಿ ಎಂಜಿನಿನ ಗಣಕ ಅದಕ್ಕೆ ತಕ್ಕಷ್ಟು ಡೀಸೆಲು ಸುರಿಯುತ್ತದೆ. ಅರ್ಧ ಗಾಳಿ ಬಯಲಿಗೆ, ಪೂರ್ತಿ ಡೀಸೆಲು ಒಳಕ್ಕೆ; ಕರಿಹೊಗೆಯ ಗುಟ್ಟು ಅಲ್ಲಿತ್ತು. ಈ ಸ್ಥಿತಿಯಲ್ಲಿ ಆ ಪೆಟ್ಟಿಗೆಯನ್ನು ಸಿಕ್ಕಿಸಿದ್ದರೆ ಇನ್ನಷ್ಟು ಡೀಸೆಲು, ಇನ್ನಷ್ಟು ಹೊಗೆ, ಇನ್ನಷ್ಟು ಕಾವು, ಅಷ್ಟೇ ಆಗುತ್ತಿತ್ತು.

ಹೊಸ ಕೊಳವೆ, ಹೊಸ ಏರ್ ಫಿಲ್ಟರು, ಡೀಸೆಲಿನ ಫಿಲ್ಟರು, ಇಂಟರ್‌ಕೂಲರಿನ ಎಲೆಗಳ ನಡುವೆ ತುಂಬಿದ್ದ ಕೆಸರನ್ನು ಮೆಲ್ಲನೆ ನೀರು ಹಾಯಿಸಿ ತೊಳೆದುದು: ಇಷ್ಟಕ್ಕೆ ಹೊಗೆ ನಿಂತಿತು. ಎರಡನೆಯ ತಿರುವನ್ನು ಜೀಪು ದಾಟಿತು. ಆದರೂ ಕೊನೆಯ ಏರಿನಲ್ಲಿ, ಎಲ್ಲಕ್ಕಿಂತ ಕಡಿದಾದಲ್ಲಿ, ಜೋರು ಮಳೆ ಬಂದ ದಿನ ಇನ್ನೂ ತಡವರಿಸುತ್ತಿತ್ತು. ಹುಡುಗನ ಮನಸ್ಸು ಮತ್ತೆ ಪೆಟ್ಟಿಗೆಯ ಕಡೆಗೇ ಹೋಯಿತು. ಆಗ ನಾವು ಎರಡನೆಯ ಲೆಕ್ಕಕ್ಕೆ ಕುಳಿತೆವು.

ಎಪ್ಪತ್ತೈದು ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತರಕ್ಕೆ ಎತ್ತುವುದೇ ಒಂದು ಕುದುರೆಶಕ್ತಿ. ಜನರನ್ನೂ ಸೇರಿಸಿ ನಮ್ಮ ಜೀಪಿನ ತೂಕ ೨೧೦೦ ಕಿಲೋ ಎಂದು ಹಿಡಿಯೋಣ. ನಮ್ಮ ಕೊನೆಯ ಏರು ನಾಲ್ಕು ಮೀಟರಿಗೆ ಒಂದು ಮೀಟರು ಎತ್ತರ ಏರುತ್ತದೆ. ಆ ಏರಿನಲ್ಲಿ ಜೀಪನ್ನು ಹಿಂದಕ್ಕೆ ಸೆಳೆಯುವ ಭಾರ ಸುಮಾರು ೫೧೦ ಕಿಲೋ. ಕೆಸರಿನ ಎಳೆತಕ್ಕೆ ಇನ್ನೂರು ಕಿಲೋ ಸೇರಿಸಿದರೂ ಒಟ್ಟು ೭೧೦. ಗಂಟೆಗೆ ಹತ್ತು ಕಿಲೋಮೀಟರು ವೇಗದಲ್ಲಿ, ಅಂದರೆ ಸೆಕೆಂಡಿಗೆ ಎರಡು ಮುಕ್ಕಾಲು ಮೀಟರಿನಂತೆ ಏರಲು ಬೇಕಾಗುವುದು ಇಪ್ಪತ್ತಾರು ಕುದುರೆಶಕ್ತಿ. ಗೇರು, ಅಚ್ಚುಗಳಲ್ಲಿ ಸೋರಿಹೋಗುವುದನ್ನು ಕೂಡಿಸಿದರೂ ಮೂವತ್ತೈದನ್ನು ಮೀರದು. ನಮ್ಮಲ್ಲಿರುವುದು ಅದರ ಮೂರರಷ್ಟು! ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲೀಸ್ ಜೀಪಿನ ಪೆಟ್ರೋಲು ಎಂಜಿನಿಗೆ ಇದ್ದುದು ಅರವತ್ತೇ ಕುದುರೆಶಕ್ತಿ. ಅದು ಹತ್ತದ ಗುಡ್ಡ, ದಾಟದ ಕೆಸರು ಅಪರೂಪ.

ಹಾಗಾದರೆ ನಮ್ಮ ಕುದುರೆಗಳೆಲ್ಲಿ? ಕಂಪನಿಯ ಕಾಗದದಲ್ಲಿ ಬರೆದ ಕುದುರೆಶಕ್ತಿ ಎಂಜಿನು ನಿಮಿಷಕ್ಕೆ ಮೂರೂವರೆ ಸಾವಿರಕ್ಕೂ ಮಿಕ್ಕಿ ಸುತ್ತುವಾಗ ದೊರೆಯುವಂಥದು. ಟರ್ಬೊ ಚೆನ್ನಾಗಿ ಉಸಿರು ತುಂಬಲು ತೊಡಗುವುದು ಸಾಮಾನ್ಯವಾಗಿ ಸಾವಿರದ ಐನೂರು ಸುತ್ತುಗಳ ಮೇಲೆ. ಏರಿನ ಬುಡದಲ್ಲಿ ಎರಡನೆಯ ಗೇರಿನಲ್ಲಿ ಹೊರಟ ಎಂಜಿನು, ಕಡಿದಾದ ಕಡೆ ಬಂದಾಗ ಸಾವಿರ ಸುತ್ತಿಗೆ ಇಳಿಯುತ್ತದೆ. ಅಲ್ಲಿ ಹೊಗೆಯ ರಭಸವಿಲ್ಲ, ರಭಸವಿಲ್ಲದೆ ಟರ್ಬೊ ಇಲ್ಲ, ಟರ್ಬೊ ಇಲ್ಲದೆ ಗಾಳಿಯಿಲ್ಲ. ಪೆಟ್ಟಿಗೆಯಿಂದ ಬರುವ ಮೂವತ್ತು ಕುದುರೆಗಳು ಮೇಲಿನ ಸುತ್ತುಗಳಲ್ಲಿ ಕಾಣಿಸಿಕೊಂಡಾವು. ಸಾವಿರ ಸುತ್ತಿನಲ್ಲಿ ಅವುಗಳಿಂದ ಆಗಬೇಕಾದದ್ದು ಅತ್ಯಲ್ಪ. ಇದಕ್ಕೆ ಮದ್ದು ಜೀಪಿನಲ್ಲಿಯೇ ಇದೆ: ಗೇರಿನ ಪಕ್ಕದಲ್ಲಿರುವ ಚಿಕ್ಕ ಹಿಡಿಕೆ. ಅದನ್ನು ನಾಲ್ಕು ಚಕ್ರದ ಲೋ ಗೇರಿಗೆ ಹಾಕಿದರೆ ಚಕ್ರಗಳ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಪಾಲು ಕಡಿಮೆಯಾಗುತ್ತದೆ, ಎಂಜಿನು ತನಗೆ ಹಿತವಾದ ಎರಡು ಸಾವಿರ ಸುತ್ತಿನಲ್ಲಿ ನಿಶ್ಚಿಂತೆಯಿಂದ ನಡೆಯುತ್ತದೆ. ನಮ್ಮ ಕಡೆಯ ಬಹಳ ಮಂದಿ ಚಾಲಕರು ಆ ಹಿಡಿಕೆಯನ್ನು ಜೀಪು ಹೂತುಹೋದ ಮೇಲೆ ಮುಟ್ಟುತ್ತಾರೆ. ಮುಟ್ಟಬೇಕಾದದ್ದು ಏರಿನ ಬುಡದಲ್ಲಿ. ಇಳಿಯುವಾಗಲೂ ಅದೇ ಗೇರು ಬ್ರೇಕಿನ ಭಾರವನ್ನು ತಾನು ಹೊರುತ್ತದೆ.

ಇನ್ನೊಂದು ಮಾತು ಚಕ್ರದ ಹಿಡಿತದ್ದು. ಸವೆದ ಟೈರಿಗೆ ಎಷ್ಟು ಬಲ ಕೊಟ್ಟರೂ ಅದು ಕೆಸರನ್ನು ಕಡೆಯುತ್ತದೆಯೇ ಹೊರತು ಮುಂದಕ್ಕೆ ಸಾಗದು. ಜತ್ತ, ಅಕ್ಕಲಕೋಟೆ ಕಡೆಯ ಎರೆಭೂಮಿಯಲ್ಲಿ ಮಳೆ ಬಿದ್ದ ದಿನ ಟ್ರಾಕ್ಟರು ಓಡಿಸಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟಾದ ಮೇಲೂ ನಿಜವಾಗಿಯೇ ಹೆಚ್ಚು ಬಲ ಬೇಕಾದವರು ಇದ್ದಾರೆ. ಭಾರವಾದ ಟ್ರೈಲರು ಎಳೆಯುವವರು, ಎತ್ತರದ ನಾಡಿನವರು. ಉದಕಮಂಡಲ ಇರುವುದು ೨೨೪೦ ಮೀಟರು ಎತ್ತರದಲ್ಲಿ. ಅಲ್ಲಿ ವಾಯುವಿನ ಒತ್ತಡ ಕಡಲತೀರಕ್ಕಿಂತ ಕಾಲುಭಾಗದಷ್ಟು ಕಡಿಮೆ. ಟರ್ಬೊ ಇಲ್ಲದ ಹಳೆಯ ಎಂಜಿನುಗಳು ಅಲ್ಲಿ ಸೊರಗುವುದು ಇದರಿಂದಲೇ. ಬಲವನ್ನು ಹೆಚ್ಚಿಸುವ ದಾರಿಗಳು ಗುಟ್ಟಿನವೇನಲ್ಲ. ದೊಡ್ಡ ಇಂಟರ್‌ಕೂಲರು, ಹೊಗೆ ಸರಾಗವಾಗಿ ಹೊರಹೋಗುವ ಕೊಳವೆ, ಟರ್ಬೊದ ಒತ್ತಡವನ್ನು ಸ್ವಲ್ಪ ಏರಿಸುವುದು, ಆಮೇಲೆ ಅದಕ್ಕೆ ತಕ್ಕಷ್ಟು ಡೀಸೆಲು. ಹಳೆಯ ಎಂಜಿನುಗಳಲ್ಲಿ ಡೀಸೆಲು ಪಂಪಿನ ತಿರುಪನ್ನು ತಿರುಗಿಸಿದರೆ ಆಗುತ್ತಿತ್ತು. ೧೯೯೭ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲು ಪದ್ಧತಿಯಲ್ಲಿ ಅದೆಲ್ಲ ಗಣಕದ ಅಧೀನ. ಅದರಲ್ಲಿ ಬರೆದಿಟ್ಟ ಕೋಷ್ಟಕಗಳನ್ನೇ ತಿದ್ದುವುದು ಒಂದು ಮಾರ್ಗ. ನಮ್ಮ ಹುಡುಗ ಹೇಳಿದಂತಹ ಪೆಟ್ಟಿಗೆಗಳಲ್ಲಿ ಬಹಳಷ್ಟು ಮಾಡುವುದು ಇನ್ನೊಂದು ಬಗೆಯ ಕೆಲಸ: ಡೀಸೆಲಿನ ಒತ್ತಡ ಇರುವುದಕ್ಕಿಂತ ಕಡಿಮೆಯಿದೆಯೆಂದು ಗಣಕಕ್ಕೆ ಸುಳ್ಳು ಹೇಳುವುದು. ಗಣಕ ಅದನ್ನು ನಂಬಿ ಒತ್ತಡವನ್ನು ಏರಿಸುತ್ತದೆ, ಇಂಜೆಕ್ಟರುಗಳು ಹೆಚ್ಚು ಸುರಿಯುತ್ತವೆ. ಬಲ ಹೆಚ್ಚುವುದು ನಿಜ. ಆದರೆ ಎಂಜಿನನ್ನು ಕಾಯಬೇಕಾದ ಕಾವಲುಗಾರನಿಗೆ ಕಣ್ಣುಕಟ್ಟಿ ಪಡೆದ ಬಲ ಅದು.

ಈ ಬಲಕ್ಕೆ ತೆರುವ ಬೆಲೆ ಕಾವು. ಗಾಳಿಗೆ ಮೀರಿ ಡೀಸೆಲು ಸುರಿದಂತೆ ಟರ್ಬೊದ ಬಾಯಲ್ಲಿ ಹೊಗೆಯ ಉಷ್ಣತೆ ಏರುತ್ತದೆ. ಅದು ಏಳುನೂರೈವತ್ತು ಡಿಗ್ರಿಯನ್ನು ಮೀರಿ ಬಹಳ ಹೊತ್ತು ನಿಲ್ಲುವುದು ಅಪಾಯವೆಂದು ಬಲ್ಲವರು ಎಚ್ಚರಿಸುತ್ತಾರೆ. ಪಿಸ್ಟನಿನ ಮೂಲಲೋಹವಾದ ಅಲ್ಯುಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿ ಎಂಬುದನ್ನು ನೆನೆದರೆ ಕಾರಣ ತಿಳಿಯುತ್ತದೆ. ಪಿಸ್ಟನು ಉಳಿಯುವುದು ಎಣ್ಣೆಯೂ ತಂಪುನೀರೂ ಕಾವನ್ನು ಎಡೆಬಿಡದೆ ಹೊತ್ತೊಯ್ಯುವುದರಿಂದ. ಉದ್ದನೆಯ ಏರನ್ನು ನಿಧಾನವಾಗಿ ಹತ್ತುವಾಗ ಮುಂದಿನಿಂದ ಬೀಸುವ ಗಾಳಿಯೂ ಇರುವುದಿಲ್ಲ. ಮಿಗಿಲಾಗಿ, ಹೆಚ್ಚಿದ ಬಲ ಕ್ಲಚ್ಚು, ಗೇರುಪೆಟ್ಟಿಗೆ, ಅಚ್ಚುಗಳ ಮೂಲಕವೇ ಚಕ್ರಕ್ಕೆ ಹೋಗಬೇಕು. ಹಗ್ಗದಲ್ಲಿ ಸವೆದ ಎಳೆ ಎಲ್ಲಿದೆಯೋ ಅಲ್ಲಿ ತುಂಡಾಗುತ್ತದೆ. ತಯಾರಕರು ಬಲ ಹೆಚ್ಚಿಸುವಾಗ ಇದೆಲ್ಲವನ್ನೂ ಒಟ್ಟಿಗೆ ಬದಲಿಸುತ್ತಾರೆ. ಮಹೀಂದ್ರದ ಥಾರ್ ೨೦೧೦ರಲ್ಲಿ ಬಂದಾಗ ಅದರ ಎರಡೂವರೆ ಲೀಟರಿನ ಟರ್ಬೊ ಎಂಜಿನು ೧೦೫ ಕುದುರೆಶಕ್ತಿಯದಾಗಿತ್ತು. ೨೦೨೦ರ ಥಾರಿನ ಡೀಸೆಲು ಎಂಜಿನು ಗಾತ್ರದಲ್ಲಿ ೨.೨ ಲೀಟರಿಗೆ ಇಳಿದರೂ ಶಕ್ತಿ ೧೩೦ಕ್ಕೆ ಏರಿತು. ಎಂಜಿನೊಂದಿಗೆ ಗೇರುಪೆಟ್ಟಿಗೆ, ಚೌಕಟ್ಟು ಎಲ್ಲವೂ ಹೊಸದಾಗಿ ಬಂದವು.

ಕಾನೂನನ್ನೂ ಮರೆಯಲಾಗದು. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ಹೇಳುತ್ತದೆ. ಕೇರಳದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನು ದೃಢಪಡಿಸಿತು. ವಾರಕ್ಕೆ ನಾಲ್ಕು ಸಲ ರಾಜ್ಯದ ಗಡಿ ದಾಟುವ ನಮ್ಮಂಥವರಿಗೆ ಎರಡೂ ಕಡೆ ತಪಾಸಣೆ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂತಹ ಬದಲಾವಣೆಗಳನ್ನೇ.

ಈ ಲೆಕ್ಕಗಳನ್ನೆಲ್ಲ ಮುಗಿಸಿದ ಮೇಲೆ ತೀರ್ಮಾನವನ್ನು ಹುಡುಗನಿಗೇ ಬಿಟ್ಟೆ. ತಾಯಿಗಾಗಿ ಎತ್ತಿಟ್ಟ ಹಣ ಅದು. ಹೇಗೆ ವೆಚ್ಚ ಮಾಡಬೇಕೆಂದು ಹೇಳುವ ಹಕ್ಕು ನನಗಿಲ್ಲವೆನಿಸಿತು. ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಕೊಡೆ ಹಿಡಿದು ಗುಡ್ಡದ ದಾರಿಯುದ್ದಕ್ಕೂ ನಡೆದು ಬಂದು, “ಚಿಕ್ಕಪ್ಪ, ಕೊನೆಯ ಏರಿನಲ್ಲಿ ನೀರು ದಾರಿಯ ಮೇಲೆಯೇ ಹರಿಯುತ್ತಿದೆ. ಕಣಿ ಮುಚ್ಚಿಹೋಗಿದೆ” ಎಂದ. ಆ ಹಣದಲ್ಲಿ ನಾಲ್ಕು ಹೊಸ ಟೈರು ಬಂದವು. ಮಿಕ್ಕಿದ್ದರಲ್ಲಿ ದಾರಿಯ ಬದಿಯ ಕಣಿಯನ್ನು ತೋಡಿಸಿ, ಮಳೆ ಬಿಟ್ಟ ಮೇಲೆ ಕೊನೆಯ ಏರಿಗೆ ಚಕ್ರಗಳು ಹಾಯುವಷ್ಟೇ ಅಗಲದ ಎರಡು ಕಾಂಕ್ರೀಟು ಪಟ್ಟಿಗಳನ್ನು ಹಾಕಿಸಿದೆವು. ಆ ದಾರಿಯಲ್ಲಿ ಈಗ ನೆರೆಯ ಮೂರು ಮನೆಗಳವರೂ ಮಳೆಗಾಲದಲ್ಲಿ ಓಡಾಡುತ್ತಾರೆ.

ಮುಂದೆ ಮೂರು ವರ್ಷಗಳ ಕಾಲ, ಅತ್ತಿಗೆಯವರು ಇರುವಷ್ಟು ದಿನವೂ, ಗುಡ್ಡದ ಕಾರಣಕ್ಕೆ ಒಂದು ಸರದಿಯೂ ತಪ್ಪಲಿಲ್ಲ. ರೋಗಕ್ಕೆ ನಮ್ಮಲ್ಲಿ ಮದ್ದಿರಲಿಲ್ಲ. ದಾರಿಗೆ ಇತ್ತು, ಅದನ್ನು ಮಾಡಿದೆವೆಂಬ ಸಮಾಧಾನ ಉಳಿದಿದೆ.

ತಮ್ಮ ಜೀಪು ಸೋಲುತ್ತಿದೆಯೆಂದು ಕಂಡ ಓದುಗರು ಈ ಕ್ರಮದಲ್ಲಿ ನೋಡುವುದು ಲೇಸು. ಮೊದಲು ಏರ್ ಫಿಲ್ಟರು, ಆಮೇಲೆ ಟರ್ಬೊದಿಂದ ಎಂಜಿನಿನವರೆಗಿನ ಕೊಳವೆಗಳು, ಬಳಿಕ ಇಂಟರ್‌ಕೂಲರು, ಡೀಸೆಲಿನ ಫಿಲ್ಟರು, ಇಂಜೆಕ್ಟರು. ಅನಂತರ ಟೈರು, ಲೋ ಗೇರಿನ ಅಭ್ಯಾಸ, ದಾರಿಯ ನೀರು. ಇವೆಲ್ಲ ಸರಿಯಿದ್ದೂ ಬಲ ಸಾಲದಿದ್ದರೆ ಆಗ ಬಲ ಹೆಚ್ಚಿಸುವ ಮಾತು. ಅದನ್ನೂ ಹೊಗೆಯ ಉಷ್ಣತೆ ಅಳೆಯುವ ಮಾಪಕವಿಲ್ಲದೆ, ಕಾನೂನು ತಿಳಿಯದೆ ಮಾಡಲಾಗದು. ನಮ್ಮ ಹುಡುಗ ಈ ಪಟ್ಟಿಯನ್ನು ದಪ್ಪ ಅಕ್ಷರಗಳಲ್ಲಿ ಬರೆದು ಜೀಪಿನ ಕೊಟ್ಟಿಗೆಯ ಗೋಡೆಗೆ ಅಂಟಿಸಿದ್ದಾನೆ. ಮೊದಲ ಮಳೆ ಬೀಳುವ ಮುನ್ನ ಪ್ರತಿ ವರ್ಷವೂ ಊರಿಗೆ ಬಂದು ಸಾಬೂನಿನ ನೀರು ಕಲಸುವವನೂ ಅವನೇ.